ಮೊದಲ ಫಾರ್ಮು ಕೊನೆಗೆ ಬರುತ್ತದೆ

ನಮ್ಮ ಬೈಂಡಿಂಗ್ ಮನೆಯಲ್ಲಿ ಯಾವ ಕಥೆಯೂ ಮೊದಲಿನಿಂದ ಶುರುವಾಗುವುದಿಲ್ಲ. ತಮಾಷೆಗೆ ಹೇಳುತ್ತಿಲ್ಲ, ನಮ್ಮ ಕೆಲಸ ನಡೆಯುವುದೇ ಹಾಗೆ. ಪ್ರೆಸ್ಸಿನವರು ಪುಸ್ತಕವನ್ನು ದೊಡ್ಡ ಹಾಳೆಗಳಲ್ಲಿ ಅಚ್ಚು ಹಾಕಿ ಕಳಿಸುತ್ತಾರೆ. ಒಂದು ಹಾಳೆಗೆ ಹದಿನಾರು ಪುಟ, ಅದಕ್ಕೆ ಫಾರ್ಮು ಅನ್ನುತ್ತೇವೆ. ಮೊದಲ ಫಾರ್ಮಿನಲ್ಲಿ ಪುಸ್ತಕದ ಹೆಸರು, ಅರ್ಪಣೆ, ಮುನ್ನುಡಿ, ಕಥೆಯ ಮೊದಲ ಪುಟಗಳು ಎಲ್ಲ ಇರಬೇಕು. ಮುನ್ನುಡಿ ಬರೆಯುವ ದೊಡ್ಡ ಮನುಷ್ಯರು ಹೇಳಿದ ಹೊತ್ತಿಗೆ ಬರೆದುಕೊಟ್ಟದ್ದನ್ನು ನಾನಂತೂ ಕಂಡಿಲ್ಲ. ಹಾಗಾಗಿ ಎರಡನೇ ಫಾರ್ಮು, ಮೂರನೇ ಫಾರ್ಮು ಬಂದು ಮೂಲೆಯಲ್ಲಿ ಧೂಳು ಹಿಡಿಯುತ್ತಿದ್ದರೂ ಮೊದಲನೆಯದು ಬಂದಿರುವುದಿಲ್ಲ. ಅದು ಬಂದ ಮೇಲೇ ಹೊಲಿಗೆ, ಹೊಲಿಗೆಯಾದ ಮೇಲೆ ಅಂಟು, ಆಮೇಲೆ ರಟ್ಟು. ಅಂಟು ಮತ್ತು ರಟ್ಟು ನನ್ನ ಪಾಲು. ಅದಕ್ಕೇ ಅಲ್ಲಿ ಎಲ್ಲರೂ ನನ್ನನ್ನು ಗೋಂದಿನ ದೊಡ್ಡಮ್ಮ ಅನ್ನುತ್ತಾರೆ. ನನಗೆ ಅದರಲ್ಲಿ ಬೇಜಾರೇನಿಲ್ಲ, ಬೆನ್ನ ಹಿಂದೆ ಅನ್ನುವುದಕ್ಕಿಂತ ಇದೇ ವಾಸಿ.

ಮಡಿಸುವ ಮೇಜಿನ ಹತ್ತಿರ ಕೂರುವವಳಿಗೆ ರೇಡಿಯೋ ಎಂದು ಹೆಸರಿಟ್ಟವಳು ನಾನೇ. ಬೆಳಗ್ಗೆ ಬಾಗಿಲು ತೆಗೆದಾಗ ಶುರುವಾದ ಅವಳ ಬಾಯಿ ಸಂಜೆ ಬೀಗ ಹಾಕುವವರೆಗೆ ನಿಲ್ಲದು. ಆದರೆ ಓದುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಮಡಿಸಿದ ಫಾರ್ಮನ್ನು ಟೀ ಹೊತ್ತಿನಲ್ಲಿ ಎತ್ತಿಕೊಂಡು ಗಟ್ಟಿಯಾಗಿ ಓದಿದರೆ ಕಟಿಂಗ್ ಮಷೀನಿನ ಮಾಮ ಕೂಡ ಮಷೀನು ನಿಲ್ಲಿಸಿ ಕಿವಿ ಕೊಡುತ್ತಾನೆ. ಈ ಮಾಮ ಸದ್ದಿನ ಜೊತೆಗೇ ಬದುಕಿದವನು. ಮಾತು ಕಮ್ಮಿ, ಆಡಿದರೆ ಎದುರಿನವರಿಗೆ ಎರಡು ದಿನ ಯೋಚನೆ.

ನಾಲ್ಕನೆಯವಳು ನನ್ನ ತಂಗಿಯ ಮಗಳು. ಹೊಲಿಗೆಯ ಚೌಕಟ್ಟಿನ ಮುಂದೆ ಕೂರುತ್ತಾಳೆ. ದಾರಕ್ಕೆ ಮೇಣ ತೀಡಿ, ಫಾರ್ಮಿನ ನಡುಬೆನ್ನಿಗೆ ಸೂಜಿ ಇಳಿಸಿ ಎಳೆದರೆ ಆ ಹೊಲಿಗೆ ಪುಸ್ತಕ ಹರಿದರೂ ಬಿಡುವುದಿಲ್ಲ. ಗಂಡನ ಮನೆ ಬಿಟ್ಟು ಬಂದ ಮೇಲೆ ಇಲ್ಲಿಗೆ ಕರೆತಂದವಳು ನಾನು. ಮನೆಯಲ್ಲಿ ಕೂತರೆ ಬಂದುಹೋಗುವವರ ಪ್ರಶ್ನೆಗೆ ಉತ್ತರ ಹೇಳಿಯೇ ಸೊರಗುತ್ತಾಳೆ ಎನ್ನಿಸಿತ್ತು.

ಪ್ರಶ್ನೆ ಎಂದರೆ ಬೇರೇನಲ್ಲ. ಹೊಡೀತಾನಾ? ಇಲ್ಲ. ಕುಡೀತಾನಾ? ಇಲ್ಲ. ಬೇರೆ ಯಾರಾದ್ರೂ ಇದ್ದಾರಾ? ಇಲ್ಲ. ಮತ್ತೇನಮ್ಮ ನಿಂಗೆ ಕಷ್ಟ? ಅಲ್ಲಿಗೆ ಬಂದು ಎಲ್ಲರೂ ನಿಲ್ಲುತ್ತಿದ್ದರು. ಅವಳೂ ನಿಲ್ಲುತ್ತಿದ್ದಳು.

ಅವಳ ಗಂಡನದು ಔಷಧಿ ಅಂಗಡಿ. ಬೀದಿಗೆಲ್ಲ ಬೇಕಾದ ಮನುಷ್ಯ. ಬಂದವರಿಗೆ, "ಇದು ಊಟ ಆದ್ಮೇಲೆ, ಇದು ಮಲಗೋ ಮುಂಚೆ, ಹುಷಾರು ಅಜ್ಜಿ" ಎಂದು ಬೆಣ್ಣೆಯಂಥ ಮಾತು. ಆ ಮಾತು ಹೆಂಡತಿಯ ಪಾಲಿಗೆ ಎರಡು ವರ್ಷದ ಹಿಂದೆಯೇ ನಿಂತುಹೋಗಿತ್ತು. ಕಾರಣ ಕೇಳಿದರೆ ನಗು ಬರುತ್ತದೆ. ಸ್ನೇಹಿತರು ಊಟಕ್ಕೆ ಬಂದಿದ್ದಾಗ ಅವನೊಂದು ಕಥೆ ಹೇಳಿದ. ಇವಳು ನೀರು ಬಡಿಸುತ್ತಾ, "ಹೋದ ಸಲ ಬೇರೆ ಥರ ಹೇಳಿದ್ರಿ" ಎಂದು ನಕ್ಕಳು. ಎಲ್ಲರೂ ನಕ್ಕರು. ಅವನೂ ನಕ್ಕ. ಅವರು ಹೋದ ಮೇಲೆ ಬಾಗಿಲು ಹಾಕಿ ಬಂದವನು ಆವತ್ತಿನಿಂದ ಇವಳ ಹತ್ತಿರ ಒಂದು ಮಾತೂ ಆಡಲಿಲ್ಲ. ಬೇಕಾದದ್ದನ್ನು ಗಾಳಿಗೆ ಹೇಳುತ್ತಿದ್ದ, ಇಲ್ಲವೇ ತಾಯಿಗೆ. "ಅಮ್ಮ, ಶರ್ಟು ಇಸ್ತ್ರಿ ಆಗಿಲ್ಲ." ಇವಳು ಎದುರಿಗೇ ನಿಂತಿರುತ್ತಿದ್ದಳು. ತಪ್ಪಾಯಿತು ಎಂದಳು, ಅತ್ತಳು, ತಾನೂ ಮಾತು ಬಿಟ್ಟು ನೋಡಿದಳು. ಬಂಡೆಗೆ ತಲೆ ಚಚ್ಚಿಕೊಂಡ ಹಾಗಾಯಿತು.

ಒಂದು ದಿನ ಅವಳು ಮಾಡಿದ್ದನ್ನು ನನ್ನೊಬ್ಬಳಿಗೇ ಹೇಳಿದ್ದಾಳೆ. ಅಂಗಡಿಗೆ ಹೋಗಿ ಗಿರಾಕಿಗಳ ಸಾಲಿನಲ್ಲಿ ನಿಂತಳಂತೆ. ತಲೆನೋವು ಎಂದರೆ ಗಿರಾಕಿಗೆ ಹೇಳುವ ಹಾಗಾದರೂ, ಊಟ ಆದ್ಮೇಲೆ ತಗೊಳ್ಳಿ ಎಂದಾನು ಎಂಬ ಆಸೆ. ಅವಳ ಸರದಿ ಬಂತು. ಅವನು ತಲೆಯೆತ್ತದೆ ಕೆಲಸದವನ ಕಡೆ ತಿರುಗಿ, "ಇವರಿಗೆ ಏನು ಬೇಕೋ ನೋಡು" ಎಂದನಂತೆ. ಇವಳು ಮಾತ್ರೆ ತೆಗೆದುಕೊಂಡು ನೇರವಾಗಿ ಅಪ್ಪನ ಮನೆಗೆ ಬಂದಳು. ಕೈಯಲ್ಲಿ ಬೇರೆ ಏನೂ ಇರಲಿಲ್ಲ.

ಆದರೆ ಈ ಕಥೆಯನ್ನು ನಾಲ್ಕು ಜನರ ಮುಂದೆ ಹೇಳಿದರೆ, "ಅಷ್ಟಕ್ಕೇನಾ?" ಎನ್ನುತ್ತಾರೆಂದು ನನಗೂ ಗೊತ್ತು, ಅವಳಿಗೂ ಗೊತ್ತು.

ನನ್ನ ತಂಗಿಯ ಗಂಡ ಬಸ್ಸಿನ ಕಂಡಕ್ಟರಾಗಿದ್ದು ಈಗ ಮನೆಯಲ್ಲಿರುವವನು. ಕೆಟ್ಟವನಲ್ಲ, ನಾಲ್ಕು ಜನರಿಗೆ ಹೆದರುವವನು. ಆ ನಾಲ್ಕು ಜನ ಯಾರು ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಒಂದು ಸಂಜೆ ನಾನು ಅಲ್ಲೇ ಕೂತಿದ್ದಾಗ ತಂಗಿಗೆ ಹೇಳಿದ, "ಮುಂದಿನ ಭಾನುವಾರ ಅಳಿಯನ ಕಡೆಯೋರು ಬರ್ತಾರೆ. ಅವಳಿಗೆ ಹೇಳು, ಅವತ್ತೇ ಮುಗಿಸ್ಬಿಡೋಣ. ಸರಿಯಾದ ಕಾರಣ ಇದ್ರೆ ಇಲ್ಲೇ ಇರ್ಲಿ, ನಾನೇ ಅವರಿಗೆ ಹೇಳ್ತೀನಿ. ಇಲ್ದಿದ್ರೆ ಬಟ್ಟೆಬರೆ ತಗೊಂಡು ಹೊರಡ್ಲಿ."

ಮಗಳು ಅಲ್ಲೇ ಕಿಟಕಿಯ ಪಕ್ಕ ದಾರ ಬಿಡಿಸುತ್ತಾ ಕೂತಿದ್ದಳು. "ಆಯ್ತು ಅಂತ ಹೇಳಮ್ಮ" ಎಂದಳು ತಾಯಿಗೆ. ತಂಗಿ ಗಂಡನ ಕಡೆ ತಿರುಗಿ, "ಆಯ್ತಂತೆ" ಎಂದಳು. ಅವಳು ಬಂದಂದಿನಿಂದ ಆ ಮನೆಯಲ್ಲಿ ಮಾತು ಹೀಗೇ ಓಡಾಡುತ್ತಿತ್ತು. ನಮಗೆಲ್ಲ ಅಭ್ಯಾಸವಾಗಿಬಿಟ್ಟಿತ್ತು.

ಆ ದಿನಗಳಲ್ಲೇ ಬೈಂಡಿಂಗಿಗೆ ಒಂದು ಕಾದಂಬರಿ ಬಂದಿತ್ತು. ಎರಡನೇ ಫಾರ್ಮು ಬಿಡಿಸಿದರೆ ಒಬ್ಬ ಹೆಂಗಸು ಬಸ್ ನಿಲ್ದಾಣದಲ್ಲಿ ನಿಂತಿದ್ದಾಳೆ. ಗಂಡನ ಮನೆ ಬಿಟ್ಟು ಹೊರಟಿದ್ದಾಳೆ ಎಂದು ಗೊತ್ತಾಗುತ್ತದೆ. ಕೈಯಲ್ಲೊಂದು ಗಂಡಸರ ಕೊಡೆ. ಮಳೆ ಇಲ್ಲ, ಬಿಸಿಲೂ ಇಲ್ಲ. ಕೊಡೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದಾಳೆ. ಯಾಕೆ ಬಿಟ್ಟಳು ಎಂಬುದು ಮೊದಲ ಫಾರ್ಮಿನಲ್ಲಿ. ಅದು ಬಂದಿಲ್ಲ.

ರೇಡಿಯೋ ಅವಳಿಗೆ ಕೊಡೆಯಮ್ಮ ಎಂದು ಹೆಸರಿಟ್ಟಳು. ಅಲ್ಲಿಂದ ನಮ್ಮ ಟೀ ಹೊತ್ತೆಲ್ಲ ಕೊಡೆಯಮ್ಮನದೇ. ಅವಳು ಒಂದು ಬಾಡಿಗೆ ಕೋಣೆ ಹಿಡಿದದ್ದು, ಮನೆಯೊಡತಿ ಗಂಡನೆಲ್ಲಿ ಎಂದು ಕೇಳಿದ್ದು, ಇವಳು ಸುಳ್ಳು ಹೇಳಿದ್ದು, ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿದ್ದು. ಒಂದೊಂದು ಫಾರ್ಮು ಬಂದ ಹಾಗೂ ನಾವು ಜಗಳಕ್ಕೆ ಬೀಳುತ್ತಿದ್ದೆವು.

"ಗಂಡ ಹೊಡೀತಿದ್ದ, ಬರೆದಿಟ್ಕೊಳ್ಳಿ" ಎಂದಳು ರೇಡಿಯೋ. "ಇಲ್ದಿದ್ರೆ ಇಷ್ಟು ಗಟ್ಟಿ ಆಗ್ತಿರ್ಲಿಲ್ಲ."

"ಇನ್ನೊಬ್ಬಳಿರ್ಬೇಕು" ಎಂದೆ ನಾನು. "ಆ ಕೊಡೆ ಇನ್ನೊಬ್ಬಳ ಮನೇಲಿ ಸಿಕ್ಕಿರುತ್ತೆ. ಅದಕ್ಕೇ ಎತ್ಕೊಂಡು ಬಂದಿದ್ದಾಳೆ, ಸಾಕ್ಷಿಗೆ."

ಮಾಮ ನನ್ನನ್ನು ಮೆಚ್ಚುಗೆಯಿಂದ ನೋಡಿದ. "ನೀವು ಪೊಲೀಸ್ ಆಗ್ಬೇಕಿತ್ತು" ಎಂದ.

ತಂಗಿಯ ಮಗಳು ಈ ವಾದಕ್ಕೆ ಬರುತ್ತಿರಲಿಲ್ಲ. ಹೊಲಿಗೆ ಇನ್ನೂ ಶುರುವಾಗದ್ದರಿಂದ ಅವಳೂ ಮಡಿಸುತ್ತಿದ್ದಳು. ಆದರೆ ರೇಡಿಯೋ ಓದುವಾಗ ಅವಳ ಕೈ ನಿಧಾನವಾಗುವುದನ್ನು ನಾನು ನೋಡಿದ್ದೆ. ಒಂದು ಮಧ್ಯಾಹ್ನ ನನ್ನ ಬಳಿ ಬಂದು ಮೆಲ್ಲಗೆ ಕೇಳಿದಳು, "ದೊಡ್ಡಮ್ಮ, ಮೊದಲ ಫಾರ್ಮು ಭಾನುವಾರದ ಒಳಗೆ ಬರುತ್ತಾ?"

ಅವಳು ಆ ಹಾಳೆಯಲ್ಲಿ ಏನು ಹುಡುಕುತ್ತಿದ್ದಾಳೆಂದು ಗೊತ್ತಾಯಿತು. ತಾನು ಬಿಟ್ಟು ಬಂದದ್ದಕ್ಕೆ ಒಂದು ಹೆಸರು ಬೇಕಾಗಿತ್ತು ಅವಳಿಗೆ. ಅಚ್ಚಾದ ಮಾತಾದರೆ ನಾಲ್ಕು ಜನ ನಂಬುತ್ತಾರೆ ಅಂತ ಅಂದುಕೊಂಡಿದ್ದಳೋ ಏನೋ. ನಾನೂ ಹಾಗೇ ಅಂದುಕೊಂಡೆ. ಪ್ರೆಸ್ಸಿಗೆ ನಾನೇ ಹೋಗಿ, "ಏನ್ರೀ, ಮುನ್ನುಡಿ ಬರೆಯೋರು ಬದುಕಿದ್ದಾರೋ ಇಲ್ವೋ?" ಎಂದು ಜಗಳವಾಡಿ ಬಂದೆ.

ಶುಕ್ರವಾರ ಮೊದಲ ಫಾರ್ಮು ಬಂತು.

ಮುನ್ನುಡಿಯನ್ನು ಯಾರೂ ಓದಲಿಲ್ಲ. ರೇಡಿಯೋ ನೇರವಾಗಿ ಒಂದನೇ ಅಧ್ಯಾಯಕ್ಕೆ ಹೋದಳು. ನಾವೆಲ್ಲ ಕೆಲಸ ಬಿಟ್ಟು ಮೇಜಿನ ಸುತ್ತ ನಿಂತೆವು. ಗಂಡ ಸಂಜೆ ಮನೆಗೆ ಬರುತ್ತಾನೆ. ಊಟದ ತಟ್ಟೆ ತಳ್ಳುತ್ತಾನೆ. ಅವಳ ಕೆನ್ನೆಗೆ ಬಾರಿಸುತ್ತಾನೆ. ಅವಳು ಎದ್ದು, ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು ಹೊರಗೆ ನಡೆಯುತ್ತಾಳೆ.

"ನಾನು ಹೇಳ್ಲಿಲ್ವಾ!" ಎಂದು ರೇಡಿಯೋ ಮೇಜು ಗುದ್ದಿದಳು. "ಹೋಗಿದ್ದು ಸರಿಯಾಯ್ತು ಬಿಡಿ. ಹೊಡೆಸ್ಕೊಂಡು ಯಾರಿರ್ತಾರೆ?"

ನನಗೂ ಒಂದು ಗಳಿಗೆ ನಿರಾಳವಾಯಿತು, ಸುಳ್ಳು ಯಾಕೆ ಹೇಳಲಿ. ಲೆಕ್ಕ ಸರಿಹೋದ ಹಾಗೆ. ಮಾಮ ಮಾತ್ರ ಗಡ್ಡ ಕೆರೆದುಕೊಂಡು, "ಅಲ್ಲಾ, ಕೊಡೆ ಯಾಕೆ ಅಂತ ಬರ್ಲೇ ಇಲ್ಲವಲ್ಲ" ಎಂದ.

ತಿರುಗಿ ನೋಡಿದರೆ ತಂಗಿಯ ಮಗಳು ಹೊಲಿಗೆಯ ಚೌಕಟ್ಟಿನ ಮುಂದೆ ಹೋಗಿ ಕೂತಿದ್ದಳು. ಸೂಜಿಗೆ ದಾರ ಪೋಣಿಸಿ ಸುಮ್ಮನೆ ಹಿಡಿದುಕೊಂಡಿದ್ದಳು. ನಾನು ಹತ್ತಿರ ಹೋದೆ.

"ಹೊಡೆದಿದ್ದಾನಂತೆ ದೊಡ್ಡಮ್ಮ" ಎಂದಳು. "ಅವಳಿಗೆ ಕಾರಣ ಇತ್ತು."

ಅಷ್ಟು ಹೇಳಿ ಹೊಲಿಯಲು ಶುರುಮಾಡಿದಳು. ಆ ದಿನವಿಡೀ ಅವಳು ತಲೆಯೆತ್ತಲಿಲ್ಲ. ನನಗೆ ಆ ಪುಸ್ತಕದ ಮೇಲೆ, ಅದನ್ನು ಬರೆದವರ ಮೇಲೆ, ಜಗಳವಾಡಿ ಅದನ್ನು ಬೇಗ ತರಿಸಿದ ನನ್ನ ಮೇಲೆ ಎಲ್ಲದರ ಮೇಲೂ ಸಿಟ್ಟು ಬಂತು. ಸಿಟ್ಟಿಗೆ ಎರಡು ರಟ್ಟು ಸೊಟ್ಟಗೆ ಅಂಟಿಸಿದೆ.

ಮರುದಿನ ಒಬ್ಬ ಹೆಂಗಸು ಬಂದರು. ಹೆಗಲಿಗೆ ಚೀಲ, ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಬಂದವರ ಅವಸರ. ಯಜಮಾನರು ಇದ್ದಾರಾ ಎಂದು ಕೇಳಿದರು. ಇಲ್ಲ, ಕೂತುಕೊಳ್ಳಿ ಎಂದೆವು. ಪ್ರೆಸ್ಸಿನಿಂದ ಕರಡು ತಿದ್ದುವವರು ಯಾರೋ ಇರಬೇಕೆಂದು ನಮ್ಮ ಲೆಕ್ಕ. ಅವರು ಸ್ಟೂಲಿನ ಮೇಲೆ ಕೂತು ಹೊಲಿದಿಟ್ಟ ಪುಸ್ತಕಗಳನ್ನು ನೋಡುತ್ತಿದ್ದರು.

"ಈ ಪುಸ್ತಕ ಓದಿದ್ದೀರಾ?" ಎಂದು ಮೆಲ್ಲಗೆ ಕೇಳಿದರು.

ರೇಡಿಯೋವನ್ನು ಇಂಥದ್ದು ಕೇಳಬಾರದು. ಕಥೆಯೆಲ್ಲ ಹೇಳಿ, "ಚೆನ್ನಾಗಿದೆ ಮೇಡಂ, ಎರಡನೇ ಫಾರ್ಮಿಂದ ಆಚೆಗೆ ಚೆನ್ನಾಗಿದೆ" ಎಂದಳು.

"ಮೊದಲನೇದು?"

ಅಲ್ಲಿಗೆ ನನ್ನ ಬಾಯಿ ತಡೆಯಲಿಲ್ಲ. "ಮೊದಲನೇದು ಬರೆದೋರಿಗೆ ಎರಡನೇದು ಬರೆದೋರ ಪರಿಚಯ ಇದ್ದ ಹಾಗಿಲ್ಲ" ಎಂದೆ. "ಆ ಕೊಡೆಯಮ್ಮ ಒಂದು ಏಟಿಗೆ ಎದ್ದು ಹೋಗೋಳಲ್ಲ. ಎಷ್ಟೋ ದಿನ ಯೋಚ್ನೆ ಮಾಡಿ ಹೋದವಳು. ಯಾರೋ ಹೊಡೆದಾಗ ಸಿಟ್ಟಲ್ಲಿ ಹೋಗೋರು ಬಸ್ ನಿಲ್ದಾಣದಲ್ಲಿ ಅಷ್ಟು ಶಾಂತವಾಗಿ ನಿಂತಿರ್ತಾರಾ? ಮತ್ತೆ ಆ ಕೊಡೆ?"

ಅವರು ಚೀಲವನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ, "ಬರೆದವಳು ನಾನೇ" ಎಂದರು.

ನಾನು ನಾಲಗೆ ಕಚ್ಚಿಕೊಂಡೆ. ರೇಡಿಯೋ ಜೀವಮಾನದಲ್ಲಿ ಮೊದಲ ಸಲ ಬಂದಾಯಿತು. ಆದರೆ ಆ ಲೇಖಕಿ ಸಿಟ್ಟಾಗಲಿಲ್ಲ. ಮಡಿಸಿದ ಒಂದು ಫಾರ್ಮನ್ನು ಕೈಯಲ್ಲಿ ತಿರುವುತ್ತಾ ಹೇಳಿದರು, "ಮೊದಲು ಬರೆದಿದ್ದು ಹೀಗಿರ್ಲಿಲ್ಲ. ಅವಳ ಗಂಡ ಮಳೆಯಲ್ಲಿ ಯಾವಾಗ್ಲೂ ಕೊಡೆ ಹಿಡ್ಕೊಂಡು ಮುಂದೆ ಹೋಗ್ತಾನೆ. ಇವಳು ಹಿಂದೆ ನೆನೀತಾ ನಡೀತಾಳೆ. ಅವನು ಬೇಕೂಂತ ಮಾಡಲ್ಲ, ತಿರುಗಿ ನೋಡಲ್ಲ ಅಷ್ಟೇ. ವರ್ಷಗಟ್ಟಲೆ. ಒಂದು ದಿನ ಮಳೆ ಇಲ್ದಿದ್ದಾಗ ಅವಳು ಆ ಕೊಡೆ ತಗೊಂಡು ಹೋಗ್ತಾಳೆ. ಅಷ್ಟೇ ಇತ್ತು."

ಮಾಮ ಮಷೀನಿನ ಹಿಂದಿನಿಂದ, "ಹಾಂ!" ಎಂದ. ನಿನ್ನೆಯಿಂದ ಹೊತ್ತ ಹೊರೆ ಇಳಿದ ದನಿ.

"ಮತ್ತೆ ಯಾಕೆ ತೆಗೆದ್ರಿ?" ಎಂದೆ.

"ಓದಿದವರೆಲ್ಲ ಒಂದೇ ಮಾತು. ಪ್ರಕಾಶಕರು ಕೇಳಿದ್ರು, ಇಷ್ಟಕ್ಕೇನಾ ಬಿಟ್ಟು ಹೋಗೋದು? ನಮ್ಮ ನಾದಿನಿ ಓದಿ, ಇದು ನಮ್ಮಣ್ಣನ ಮೇಲೆ ಬರೆದಿದ್ದಾ ಅಂದ್ರು. ಮನೇಲಿ ಒಂದು ವಾರ ಊಟ ಯಾರಿಗೂ ಸೇರ್ಲಿಲ್ಲ. ಕೊನೆಗೆ ಒಂದು ಏಟು ಹಾಕ್ದೆ. ಒಂದೇ ಒಂದು. ಆಮೇಲೆ ಯಾರೂ ಏನೂ ಕೇಳ್ಲಿಲ್ಲ. ನಮ್ಮ ಮನೆಯವರು ಹೊಡೆಯೋರಲ್ಲವಲ್ಲ, ಹಾಗಾಗಿ ಅವರಿಗೂ ನೆಮ್ಮದಿ."

ಹೇಳುತ್ತಾ ನಕ್ಕರು. ಆ ನಗು ನೋಡಿ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದು ಮರುಕ ಬಂತು. ಓದುಬರಹ ಬಲ್ಲವರಿಗೂ ಅದೇ ನಾಲ್ಕು ಜನರ ಕಾಟ. ಹೊಲಿಗೆಯ ಮೂಲೆಯಿಂದ ತಂಗಿಯ ಮಗಳು ಅವರನ್ನೇ ನೋಡುತ್ತಿದ್ದಳು.

"ಹಳೇದು ನಿಮ್ಮ ಹತ್ರ ಇದೆಯಾ?" ಎಂದು ಕೇಳಿದಳು.

"ಹರಿದುಹಾಕ್ದೆ" ಎಂದರು ಲೇಖಕಿ. "ಕೊಡೆ ಮಾತ್ರ ಅಲ್ಲಲ್ಲಿ ಉಳಿದುಹೋಗಿದೆ. ಎಲ್ಲಾ ಕಡೆಯಿಂದ ತೆಗೆಯೋಕೆ ಮನಸ್ಸು ಬರ್ಲಿಲ್ಲ."

ಸಂಜೆ ನಾನೂ ತಂಗಿಯ ಮಗಳೂ ಜೊತೆಗೆ ಮನೆಗೆ ನಡೆದೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಆ ಒಂದು ಏಟೇ ಸುತ್ತುತ್ತಿತ್ತು. ಒಂದೇ ಒಂದು. ಆಮೇಲೆ ಯಾರೂ ಏನೂ ಕೇಳಲಿಲ್ಲ. ತಿರುವಿನಲ್ಲಿ ಬೀಗದ ಅಂಗಡಿಯ ಮುಂದೆ ಅವಳ ಕೈ ಹಿಡಿದು ನಿಲ್ಲಿಸಿದೆ.

"ನಾಳೆ ಕೇಳ್ತಾರೆ, ಹೊಡೀತಾನಾ ಅಂತ. ಹೂಂ ಅನ್ನು."

"ಅವರು ಹೊಡೆದಿಲ್ಲ ದೊಡ್ಡಮ್ಮ."

"ಅದು ನಂಗೂ ಗೊತ್ತು. ಹೂಂ ಅನ್ನು ಅಷ್ಟೇ. ಒಂದು ಸಲ ಅನ್ನು. ನಿಮ್ಮಪ್ಪನಿಗೆ ಒಂದು ಕಾರಣ ಬೇಕು, ನಾಲ್ಕು ಜನರ ಮುಂದೆ ಇಡೋಕೆ. ಕೊಟ್ಬಿಡು. ಅವನೇ ನಿನ್ನ ಪರ ನಿಲ್ತಾನೆ. ಇಲ್ದಿದ್ರೆ ನಾಳೆ ಸಂಜೆ ನೀನು ಆ ಮನೇಲಿರ್ತೀಯ, ಯೋಚ್ನೆ ಮಾಡು."

ಅವಳು ಬೀಗದ ಅಂಗಡಿಯಲ್ಲಿ ನೇತುಹಾಕಿದ್ದ ಕೀಲಿಗಳನ್ನು ನೋಡುತ್ತಾ ನಿಂತಳು. ಆಮೇಲೆ ಹೇಳಿದಳು, "ಹೊಡೆದ್ರು ಅಂತ ನಾನೇ ಹೇಳಿದ್ರೆ, ಆ ಎರಡು ವರ್ಷ ಏನೂ ಆಗಿರ್ಲಿಲ್ಲ ಅಂತ ನಾನೇ ಒಪ್ಕೊಂಡ ಹಾಗಲ್ವಾ? ಆಗಿದ್ದು ಸಾಲ್ದು ಅಂತ ತಾನೆ ಸುಳ್ಳು ಸೇರ್ಸೋದು?"

"ಮಾತಲ್ಲಿ ಗೆದ್ದೆ ಬಿಡು" ಎಂದೆ ರೇಗಿಕೊಂಡು. "ನಾಳೆ ಗೆಲ್ಲು ನೋಡೋಣ."

ಅವಳ ಕೈ ಬಿಟ್ಟು ಮುಂದೆ ನಡೆದೆ.

ಭಾನುವಾರ ಮೂವರು ಬಂದರು. ಅವನು, ಅವನ ತಾಯಿ, ಅವನ ಅಣ್ಣ. ಅಣ್ಣ ಮಾತುಗಾರ. ಕುರ್ಚಿಯ ಅಂಚಿಗೆ ಜರುಗಿ ಕೂತು, ಟೀ ಲೋಟವನ್ನು ಪಕ್ಕಕ್ಕಿಟ್ಟು, ಸಭೆಯ ಅಧ್ಯಕ್ಷತೆ ವಹಿಸಿದವನ ಹಾಗೆ ಗಂಟಲು ಸರಿಮಾಡಿಕೊಂಡ. ಔಷಧಿ ಅಂಗಡಿಯವನು ಇಸ್ತ್ರಿಯಾದ ಶರ್ಟು ಹಾಕಿ ಬಂದಿದ್ದ. ನನ್ನನ್ನು, "ಚೆನ್ನಾಗಿದ್ದೀರಾ ದೊಡ್ಡಮ್ಮ? ಮಂಡಿನೋವು ಹೇಗಿದೆ?" ಎಂದು ವಿಚಾರಿಸಿದ. ನನ್ನ ತಂಗಿಯ ರಕ್ತದೊತ್ತಡ ವಿಚಾರಿಸಿದ. ಎಷ್ಟು ಒಳ್ಳೆಯವನು ಎಂದು ನನಗೇ ಅನ್ನಿಸಿತು, ಮೈ ಪರಚಿಕೊಳ್ಳುವ ಹಾಗಾಯಿತು.

ತಂಗಿಯ ಮಗಳು ಒಳಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ನೋಡಮ್ಮ" ಎಂದ ಅಣ್ಣ, "ನಾವು ಯಾರ ಪಕ್ಷವೂ ಅಲ್ಲ. ನೇರವಾಗಿ ಕೇಳ್ತೀನಿ. ನನ್ನ ತಮ್ಮ ನಿನ್ನ ಮೇಲೆ ಯಾವತ್ತಾದ್ರೂ ಕೈ ಎತ್ತಿದ್ದಾನಾ?"

ಅವಳ ಅಪ್ಪ ತಲೆಯೆತ್ತಿ ಮಗಳನ್ನು ನೋಡಿದ. ಆ ಕಣ್ಣಿನಲ್ಲಿ ಆಸೆ ಇತ್ತು. ಹೂಂ ಅನ್ನಲಿ ಎಂಬ ಆಸೆ. ಹೂಂ ಅಂದರೆ ಅವನು ಎದ್ದುನಿಂತು ಎಲ್ಲರನ್ನೂ ಹೊರಗೆ ಹಾಕುತ್ತಿದ್ದ, ನನಗೆ ಅನುಮಾನವೇ ಇಲ್ಲ. ಅವಳು ಬಾಯಿ ತೆರೆಯಲಿಲ್ಲ. ಒಂದು ಗಳಿಗೆ, ಇನ್ನೊಂದು ಗಳಿಗೆ. ನನ್ನಿಂದ ತಡೆಯಲಾಗಲಿಲ್ಲ.

"ಹೌದು!" ಎಂದೆ. "ಹೊಡೆದಿದ್ದಾನೆ. ಇವಳು ಹೇಳಲ್ಲ, ಮಾನಕ್ಕೆ ಅಂಜ್ತಾಳೆ. ನಂಗೆ ಗೊತ್ತು."

ಅವನ ತಾಯಿ ಹೌಹಾರಿ ಮಗನ ಕಡೆ ತಿರುಗಿದಳು. ಅವನ ಮುಖ ಬಿಳಿಚಿಕೊಂಡಿತು. ಅವಳ ಅಪ್ಪ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದ.

"ಇಲ್ಲ" ಎಂದಳು ಅವಳು. "ಹೊಡೆದಿಲ್ಲ. ದೊಡ್ಡಮ್ಮ ನನ್ನ ಮೇಲಿನ ಪ್ರೀತಿಗೆ ಹೇಳಿದ್ರು. ಅವರು ಒಂದು ಸಲವೂ ಕೈ ಎತ್ತಿಲ್ಲ."

ಅಪ್ಪ ಮತ್ತೆ ಕೂತ. ಅವನು ಕೂತ ಸದ್ದು ನನಗೆ ಇನ್ನೂ ಕಿವಿಯಲ್ಲಿದೆ. ನಾನು ಭೂಮಿಗಿಳಿದುಹೋದೆ. ಅಣ್ಣ ನನ್ನ ಕಡೆ ಒಂದು ನೋಟ ಬೀರಿ, ಟೀ ಲೋಟ ಎತ್ತಿಕೊಂಡು, ಎಲ್ಲ ಮುಗಿಯಿತೆಂಬಂತೆ ಒಂದು ಗುಟುಕು ಕುಡಿದ.

"ಅಲ್ಲಿಗೆ ವಿಷಯ ತೀರ್ಮಾನ ಆಯ್ತಲ್ಲ. ಇವನು ಮಾತಾಡಲ್ಲ, ಮಾತಾಡಲ್ಲ ಅಂತೀಯಂತೆ. ಅದೂ ಒಂದು ಕಾರಣವೇನಮ್ಮ? ಗಂಡಸರು ಹಾಗೇ. ನಾನೂ ಮನೇಲಿ ಜಾಸ್ತಿ ಮಾತಾಡಲ್ಲ."

ಅದನ್ನು ನಂಬುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

"ನಾನು ಬರ್ತೀನಿ" ಎಂದಳು ಅವಳು.

ತಂಗಿ ಸೆರಗು ಬಾಯಿಗೆ ಹಿಡಿದಳು.

"ಈಗಲೇ ಬರ್ತೀನಿ. ಬಟ್ಟೆ ಜೋಡಿಸಿ ಇಟ್ಟಿದ್ದೀನಿ. ಅವರು ನನಗೆ 'ಬಾ' ಅಂತ ಹೇಳಲಿ. ಒಂದು ಸಲ. ಅಷ್ಟು ಸಾಕು."

ಅಣ್ಣ ನಕ್ಕುಬಿಟ್ಟ. "ಇಷ್ಟೇನಾ? ಹೇಳೋ, ಬಾ ಅನ್ನು."

ಔಷಧಿ ಅಂಗಡಿಯವನು ಅಣ್ಣನ ಕಡೆ ತಿರುಗಿದ. "ನಾನು ಬೇಡ ಅಂದಿಲ್ಲವಲ್ಲಣ್ಣ. ಬರಲಿ."

"ಕೇಳಿದೆಯಲ್ಲಮ್ಮ? ಬರಲಿ ಅಂತಿದ್ದಾನೆ."

"ಅದು ನಿಮಗೆ ಹೇಳಿದ್ದು ಭಾವ" ಎಂದಳು ಅವಳು. "ನನಗೆ ಹೇಳಲಿ."

ಅವನು ಕೈಗಡಿಯಾರದ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿದ. ಗೋಡೆಯ ಕ್ಯಾಲೆಂಡರ್ ನೋಡಿದ. ಅಣ್ಣನ ನಗು ಮುಖದಲ್ಲಿ ಹಾಗೇ ಉಳಿದು, ನಿಧಾನವಾಗಿ ಏನು ಮಾಡಬೇಕೋ ತಿಳಿಯದೆ ಇಳಿಯಿತು. "ಹೇಳೋ" ಎಂದ ಇನ್ನೊಮ್ಮೆ, ಈ ಸಲ ನಗದೆ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸುತ್ತಾ ಹೋದರು. ನಾವು ಆರು ಜನ ಒಬ್ಬ ಮನುಷ್ಯನ ಬಾಯಿಯನ್ನೇ ನೋಡುತ್ತಿದ್ದೆವು.

"ಹೇಳೋ ಮಗನೇ" ಎಂದಳು ಅವನ ತಾಯಿ. ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. "ಒಂದು ಸಲ ಹೇಳೋ. ಹುಡುಗಿ ನಿಂತ್ಕೊಂಡಿದ್ದಾಳೆ."

ಅವನು ಅವಳ ಕಡೆ ನೋಡಲೇ ಇಲ್ಲ. "ಇದೆಲ್ಲ ಏನಮ್ಮ ನಾಟಕ" ಎಂದ ತಾಯಿಗೆ. "ಅಂಗಡಿ ಬಿಟ್ಟು ಬಂದಿದ್ದೀನಿ." ಎದ್ದ. ನನ್ನ ತಂಗಿಗೆ, "ಬರ್ತೀನಿ ಅತ್ತೆ, ಮಾತ್ರೆ ತಪ್ಪಿಸ್ಬೇಡಿ" ಎಂದ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಹೊರಟೇಹೋದ.

ನಾನು ಜೀವಮಾನದಲ್ಲಿ ತುಂಬ ಜಗಳ ನೋಡಿದ್ದೇನೆ, ಕೆಲವನ್ನು ಮಾಡಿಯೂ ಇದ್ದೇನೆ. ಇಷ್ಟು ಸದ್ದಿಲ್ಲದ ಹೊಡೆತವನ್ನು ನೋಡಿದ್ದು ಅದೇ ಮೊದಲು. ಅವಳು ಎರಡು ವರ್ಷ ಹೇಳಲಾಗದೆ ಒದ್ದಾಡಿದ್ದನ್ನು ಅವನೇ ಬಂದು ಎಲ್ಲರ ಮುಂದೆ ಮಾಡಿ ತೋರಿಸಿ ಹೋದ.

ಅಣ್ಣ ಟೀ ಮುಗಿಸಲಿಲ್ಲ. ಏನೋ ಹೇಳಲು ಹೋಗಿ, ಬಿಟ್ಟು, ತಾಯಿಯನ್ನು ಕೈಹಿಡಿದು ಎಬ್ಬಿಸಿದ. ಆ ಮುದುಕಿ ಹೊಸ್ತಿಲ ಬಳಿ ನಿಂತು ಸೊಸೆಯ ಕೆನ್ನೆ ಸವರಿದಳು. "ನಾನು ಮಾತಾಡ್ತಿದ್ದೆನಲ್ಲಮ್ಮ ನಿನ್ನ ಜೊತೆ" ಎಂದಳು.

"ಹೂಂ ಅತ್ತೆ" ಎಂದಳು ಅವಳು. "ನೀವು ಮಾತಾಡ್ತಿದ್ರಿ."

ಅವರು ಹೋದ ಮೇಲೆ ಬಾಗಿಲು ತೆರೆದೇ ಇತ್ತು. ಯಾರೂ ಹೋಗಿ ಹಾಕಲಿಲ್ಲ. ತಂಗಿ ಲೋಟಗಳನ್ನು ಒಂದರಲ್ಲೊಂದು ಜೋಡಿಸುತ್ತಿದ್ದಳು. ತಂಗಿಯ ಮಗಳು ಚೌಕಟ್ಟಿಗೆ ಒರಗಿದ ಹಾಗೇ ನಿಂತಿದ್ದಳು. ಗೆದ್ದವಳ ಮುಖವಲ್ಲ ಅದು. ಅವನು ಅಂದೇಬಿಟ್ಟಾನು ಎಂದು ಅವಳು ಕೊನೆಯ ಗಳಿಗೆಯವರೆಗೂ ಕಾದಿದ್ದಳು ಎಂದು ನನಗೆ ಆಗ ಹೊಳೆಯಿತು. ಕೋಣೆಯಲ್ಲಿ ಜೋಡಿಸಿಟ್ಟ ಬಟ್ಟೆಯ ಚೀಲ ಸುಳ್ಳಲ್ಲ, ನಿಜಕ್ಕೂ ಇತ್ತು.

ಅವಳ ಅಪ್ಪ ಅಂಗೈಗಳನ್ನು ನೋಡಿಕೊಳ್ಳುತ್ತಾ ಕೂತಿದ್ದ. ಊರಿನವರನ್ನೆಲ್ಲ, ಒಳಗೆ ಬನ್ನಿ, ಮುಂದೆ ಹೋಗಿ ಎಂದು ಕೂಗಿ ಕರೆದು ಬಸ್ಸು ತುಂಬಿಸಿದ ಮನುಷ್ಯ. ತುಂಬ ಹೊತ್ತಿನ ಮೇಲೆ ಗಂಟಲು ಸರಿಮಾಡಿಕೊಂಡ. ಯಾವಾಗಿನಂತೆ ಹೆಂಡತಿಯ ಕಡೆ ತಿರುಗಿ, "ಅವಳಿಗೆ ಹೇಳು, ಊಟಕ್ಕೆ..." ಎಂದ.

ಅಲ್ಲಿಗೆ ನಿಂತ.

ತಂಗಿ ಲೋಟ ಹಿಡಿದವಳು ಹಾಗೇ ನಿಂತಳು. ಈ ಮನೆಯಲ್ಲಿ ಇಷ್ಟು ದಿನ ನಡೆಯುತ್ತಿದ್ದದ್ದು ಏನೆಂದು ನಮ್ಮ ಮೂವರಿಗೂ ಒಟ್ಟಿಗೇ ಗೊತ್ತಾಯಿತು. ಅವನ ಮುಖ ಕೆಂಪಗಾಯಿತು. ಅವನು ಎದ್ದು, ಸಣ್ಣ ಹುಡುಗನ ಹಾಗೆ ಎರಡು ಹೆಜ್ಜೆ ಮುಂದೆ ಹೋಗಿ, ಮಗಳ ಎದುರಿಗೆ ನಿಂತ. ಎಲ್ಲಿ ನೋಡಬೇಕೋ ತಿಳಿಯದೆ ಮೊದಲು ಅವಳ ಪಾದ ನೋಡಿದ, ಆಮೇಲೆ ಮುಖ.

"ಬಾ" ಎಂದ. ದನಿ ಹೊರಡಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. "ಬಾರಮ್ಮ. ಎಷ್ಟೊತ್ತು ಹಾಗೇ ನಿಂತಿರ್ತೀಯ. ಊಟ ಮಾಡೋಣ ಬಾ."

ಬೆಳಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕದಿದ್ದವಳು ಆಗ ಅತ್ತಳು. ಚಿಕ್ಕ ಮಗುವಿನಂತೆ ಬಾಯಿ ತೆರೆದು ಅತ್ತಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟು, ಬೇರೆ ಮಾತು ತೋಚದೆ, ಬಾ ಬಾ ಎನ್ನುತ್ತಲೇ ಇದ್ದ. ನಾನು ಅಡುಗೆಮನೆಗೆ ಹೋಗಿ ತಟ್ಟೆಗಳನ್ನು ತೆಗೆದೆ.